ಎಸ್-ಕ್ಲಾಸ್, 7 ಸೀರೀಸ್, ಎ8 ಎಲ್: ಎಂಜಿನ್ ಮಾತು ಬಿಟ್ಟು ನೋಟ ಮತ್ತು ಒಳಾಂಗಣ ಹೇಳಿ

ಹಿಂದಿನಸೀಟು ಬರೆದದ್ದು:

ಮೂರು ಕಾರು ಪಟ್ಟಿಯಲ್ಲಿವೆ: ಮರ್ಸಿಡಿಸ್ ಎಸ್-ಕ್ಲಾಸ್ (ಡಬ್ಲ್ಯೂ223 ತಲೆಮಾರು), ಬಿಎಂಡಬ್ಲ್ಯೂ 7 ಸೀರೀಸ್ (ಜಿ70 ತಲೆಮಾರು), ಆಡಿ ಎ8 ಎಲ್ (2022ರಲ್ಲಿ ಇಲ್ಲಿಗೆ ಬಂದ ಫೇಸ್‌ಲಿಫ್ಟ್, ಅಂದರೆ ಅದೇ ಕಾರಿನ ತಿದ್ದಿದ ರೂಪ). ಎರಡು ಮೂರು ವರ್ಷ ಹಳೆಯದಾದರೂ ಪರವಾಗಿಲ್ಲ. ಪಿಕಪ್, ಮೈಲೇಜ್ ಬಗ್ಗೆ ಓದಿ ಓದಿ ಸಾಕಾಗಿದೆ, ಅದು ಬೇಡ. ಓಡಿಸುವುದು ಡ್ರೈವರ್. ಹಿಂದೆ ಎಡಗಡೆ ಕೂರುವವರಿಗೆ 70 ದಾಟಿದೆ, ಮಂಡಿ ನೋವಿದೆ. ಹೆಚ್ಚಿನ ಓಡಾಟ ಬೆಂಗಳೂರೊಳಗೆ, ತಿಂಗಳಿಗೊಮ್ಮೆ ಮೈಸೂರು. ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ.

ಯಾವುದರ ನೋಟ ಬೇಗ ಹಳತಾಗುವುದಿಲ್ಲ? ಒಳಗೆ ಯಾವುದು ಕಣ್ಣಿಗಷ್ಟೇ ಚೆಂದ, ಯಾವುದು ನಿಜಕ್ಕೂ ಉಪಯೋಗ? ತಿಳಿ ಬಣ್ಣದ ಲೆದರ್ ನಮ್ಮ ಧೂಳಿಗೆ ತಡೆಯುತ್ತದೆಯೇ?

ವೀಲ್‌ಬೇಸ್3216 ಬರೆದದ್ದು:

ಮೊದಲು ಟೇಪಿನ ಲೆಕ್ಕ. ಉದ್ದ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಎಸ್-ಕ್ಲಾಸ್ 5289 ಮಿ.ಮೀ. ಉದ್ದ, ವೀಲ್‌ಬೇಸ್ 3216, ಎತ್ತರ 1503. 7 ಸೀರೀಸ್ 5391 ಉದ್ದ, ವೀಲ್‌ಬೇಸ್ 3215, ಎತ್ತರ 1544. ಎ8 ಎಲ್ ಸುಮಾರು 5320 ಉದ್ದ, ವೀಲ್‌ಬೇಸ್ 3128. ಎಸ್‌ಗೂ 7ಕ್ಕೂ ವೀಲ್‌ಬೇಸಿನಲ್ಲಿ ಇರುವುದು ಒಂದೇ ಮಿ.ಮೀ. ವ್ಯತ್ಯಾಸ, ಆದರೆ 7 ಹತ್ತು ಸೆಂ.ಮೀ. ಉದ್ದ. ಆ ಹತ್ತು ಸೆಂ.ಮೀ. ಹೋಗಿರುವುದು ಮೂತಿಗೂ ಬಾಲಕ್ಕೂ, ಮಂಡಿಗಲ್ಲ. ನಾಲ್ಕು ಸೆಂ.ಮೀ. ಹೆಚ್ಚಿನ ಎತ್ತರ ಮಾತ್ರ ನಿಮಗೆ ಲಾಭ. ಹತ್ತುವಾಗ ತಲೆ ಅಷ್ಟು ಬಗ್ಗಿಸಬೇಕಾಗುವುದಿಲ್ಲ.

ಇನ್ನು ನೋಟ. 7 ಸೀರೀಸ್‌ನಲ್ಲಿ ಎಲ್ಲರ ಕಣ್ಣು ಗ್ರಿಲ್ ಮೇಲೆ ಬೀಳುತ್ತದೆ, ಆದರೆ ನಿಜವಾದ ಬದಲಾವಣೆ ಹೆಡ್‌ಲ್ಯಾಂಪಿನದು. ಅದನ್ನು ಎರಡಾಗಿ ಸೀಳಿದ್ದಾರೆ. ಮೇಲಿನ ತೆಳು ಪಟ್ಟಿ ಹಗಲಿನ ದೀಪ ಮತ್ತು ಇಂಡಿಕೇಟರ್, ದಾರಿಗೆ ಬೆಳಕು ಬಿಡುವ ಅಸಲಿ ದೀಪ ಅದರ ಕೆಳಗೆ ಕಪ್ಪು ಗೂಡಿನೊಳಗೆ. ಮೇಲಿನ ಪಟ್ಟಿಗೆ ಸ್ವರೋವ್‌ಸ್ಕಿ ಹರಳು ಕೂರಿಸಿದ ಆಯ್ಕೆಯೂ ಇದೆ. ತಿಳಿ ಬಣ್ಣದ ಕಾರಿನಲ್ಲಿ ಆ ಕಪ್ಪು ಗೂಡು ಎದ್ದು ಕಾಣುತ್ತದೆ, ಕಪ್ಪು ಅಥವಾ ಗಾಢ ನೀಲಿಯಲ್ಲಿ ಕರಗಿಹೋಗುತ್ತದೆ. ಅದಕ್ಕೇ ಒಂದೇ ಕಾರನ್ನು ಒಬ್ಬರು ಭವ್ಯ ಎನ್ನುತ್ತಾರೆ, ಇನ್ನೊಬ್ಬರು ವಿಕಾರ ಎನ್ನುತ್ತಾರೆ. ನೋಡಿದ ಬಣ್ಣ ಬೇರೆ ಬೇರೆ! 2001ರ 7 ಸೀರೀಸ್‌ನ ಡಿಕ್ಕಿ ನೋಡಿಯೂ ಜನ ಹೀಗೇ ಕೂಗಾಡಿದ್ದರು. ಆಮೇಲೆ ಅಂಥ ಡಿಕ್ಕಿ ಮಿಕ್ಕವರ ಕಾರುಗಳಲ್ಲೂ ಬಂತು.

ಎಸ್-ಕ್ಲಾಸ್ ಹೊರಗಿನಿಂದ ಮೌನಿ. ಪಕ್ಕದಲ್ಲಿ ಒಂದೇ ಗೆರೆ, ಹಿಂದಕ್ಕೆ ಇಳಿಯುವ ಛಾವಣಿ, ಬಾಗಿಲಿನೊಳಗೆ ಅಡಗುವ ಹಿಡಿಗಳು. ಗಾಳಿ ತಡೆಯ ಅಂಕಿ 0.22ರವರೆಗೆ ಇಳಿದದ್ದು ಇವೆಲ್ಲ ಸೇರಿ. ದೂರದಿಂದ ನೋಡಿದರೆ ತಮ್ಮದೇ ಕಂಪನಿಯ ಸಿ-ಕ್ಲಾಸ್‌ನ ಹಾಗೆ ಕಾಣುತ್ತದೆ ಎನ್ನುವ ದೂರು ನ್ಯಾಯವಾದದ್ದೇ. ಹಿಂದಿನ ದೀಪಗಳಂತೂ ಸಪ್ಪೆ. ಆದರೆ ಎಂಟು ವರ್ಷ ಇಟ್ಟುಕೊಳ್ಳುವವರಿಗೆ ಈ ಸಪ್ಪೆಯೇ ಆಸ್ತಿ.

ಎ8 2017ರ ವಿನ್ಯಾಸ. ಮೂರರಲ್ಲಿ ಹಳೆಯದು, ಆದರೂ ನಿಲುವು ಚೆನ್ನಾಗಿದೆ. ಹಿಂದೆ ಅಡ್ಡಲಾಗಿ ಓಡುವ ದೀಪದ ಪಟ್ಟಿ, ಅದರೊಳಗೆ ಓಎಲ್‌ಇಡಿ ತುಣುಕುಗಳು. ನಿಂತಿರುವಾಗ ಹಿಂದಿನ ವಾಹನ ಎರಡು ಮೀಟರ್‌ಗಿಂತ ಹತ್ತಿರ ಬಂದರೆ ಎಲ್ಲ ತುಣುಕುಗಳೂ ಹೊತ್ತಿಕೊಳ್ಳುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅವು ಆರುವುದಕ್ಕೇ ಪುರುಸೊತ್ತು ಸಿಗಲಿಕ್ಕಿಲ್ಲ.

ಚಕ್ರದ ವಿಷಯದಲ್ಲಿ ಒಂದೇ ಮಾತು: ಆ ವೇರಿಯಂಟಿಗೆ ಸಿಗುವ ಅತಿ ಚಿಕ್ಕ ಚಕ್ರ ತೆಗೆದುಕೊಳ್ಳಿ. 21 ಇಂಚಿನದು ಫೋಟೋಗೆ ಸರಿ, ಗುಂಡಿಯ ಅಂಚು ತಾಗಿದರೆ ಪೆಟ್ಟು ಟೈರ್ ದಾಟಿ ನೇರ ರಿಮ್ಮಿಗೇ ಹೋಗುತ್ತದೆ.

ಡ್ಯಾಶ್‌ಬೋರ್ಡ್‌ದಾಸ ಬರೆದದ್ದು:

ನೋಟದ ಬಗ್ಗೆ ಮೇಲಿನವರ ಮಾತು ಒಪ್ಪುತ್ತೇನೆ, ಹಿಂದಿನ ದೀಪ ಸಪ್ಪೆ ಅನ್ನುವುದೊಂದು ಬಿಟ್ಟು. ಒಳಗೆ ಬರೋಣ.

ಎಸ್-ಕ್ಲಾಸ್‌ನಲ್ಲಿ ಹಿಂದಿನ ತಲೆಮಾರಿಗಿಂತ 27 ಗುಂಡಿ ಕಡಿಮೆ. ನಡುವೆ 12.8 ಇಂಚಿನ ಓಎಲ್‌ಇಡಿ ಪರದೆ, ಎಸಿ ಕೂಡ ಅದರಲ್ಲೇ. ಆದರೆ ಗಾಳಿ ಬರುವ ಕಿಂಡಿಗಳು ಮಾತ್ರ ಕೈಯಲ್ಲಿ ತಿರುಗಿಸುವಂಥವು. 7 ಸೀರೀಸ್‌ನಲ್ಲಿ 12.3 ಮತ್ತು 14.9 ಇಂಚಿನ ಎರಡು ಪರದೆ ಒಂದೇ ಬಾಗಿದ ಗಾಜಿನಡಿ, ಕೆಳಗೆ ಹರಳಿನಂತೆ ಕೊರೆದ ಮಿನುಗುವ ಪಟ್ಟಿ. ಕಿಂಡಿಗಳು ಕಾಣದಂತೆ ಅಡಗಿವೆ, ಹಾಗಾಗಿ ಡ್ಯಾಶ್‌ಬೋರ್ಡ್ ಅಚ್ಚುಕಟ್ಟು. ರಾತ್ರಿ ಅದ್ಭುತ. ಹಗಲು ಆ ಹರಳಿನ ಮೇಲೆ ಬೆರಳಚ್ಚು, ಧೂಳು ಎರಡೂ ಕಾಣುತ್ತವೆ. ಎ8ರಲ್ಲಿ ಮೇಲೆ 10.1, ಕೆಳಗೆ 8.6 ಇಂಚಿನ ಎರಡು ಪರದೆ, ಒತ್ತಿದರೆ ಕ್ಲಿಕ್ ಎಂದು ಬೆರಳಿಗೆ ತಿಳಿಯುತ್ತದೆ. ಬರೀ ಸವರಿದರೆ ಕೆಲಸ ಮಾಡುವುದಿಲ್ಲ, ಗಟ್ಟಿಯಾಗಿ ಒತ್ತಬೇಕು. ಹೊಸ ಡ್ರೈವರ್‌ಗೆ ಮೊದಲ ವಾರ ಕಿರಿಕಿರಿ, ಆಮೇಲೆ ಇದೇ ವಾಸಿ, ಏಕೆಂದರೆ ರಸ್ತೆ ಕುಲುಕಿದಾಗ ತಪ್ಪು ಗುಂಡಿ ಬೀಳುವುದಿಲ್ಲ.

ನಿಮ್ಮ ಪ್ರಶ್ನೆ ಹಿಂದಿನ ಎಡ ಸೀಟಿನದು. ಅಲ್ಲಿ ಲೆಕ್ಕ ಬೇರೆ.

7 ಸೀರೀಸ್‌ನ ಛಾವಣಿಯಿಂದ ಇಳಿಯುವ 31.3 ಇಂಚಿನ ಪರದೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. 32:9 ಅಳತೆ, ಅಂದರೆ ಸಿನಿಮಾಕ್ಕಿಂತಲೂ ಅಗಲ, ಸಾಧಾರಣ ವಿಡಿಯೊ ಹಾಕಿದರೆ ಎರಡು ಬದಿ ಕಪ್ಪಗೆ ಉಳಿಯುತ್ತದೆ ಅಥವಾ ಮೇಲೆ ಕೆಳಗೆ ಕತ್ತರಿಸಬೇಕು. ಪರದೆ ಇಳಿದರೆ ಡ್ರೈವರ್‌ಗೆ ಒಳಗನ್ನಡಿಯಲ್ಲಿ ಹಿಂಗಾಜು ಕಾಣುವುದಿಲ್ಲ. ಕಣ್ಣಿಗೂ ತೀರ ಹತ್ತಿರ. ಊರೊಳಗಿನ ನಿಂತು ಹೊರಡುವ ಓಡಾಟದಲ್ಲಿ ವಯಸ್ಸಾದವರಿಗೆ ತಲೆ ಸುತ್ತು ಬರುವ ಸಂಭವ ಹೆಚ್ಚು. ಹಿಂದಿನ ಎರಡೂ ಬಾಗಿಲಿನ ಹಿಡಿಯ ಬಳಿ 5.5 ಇಂಚಿನ ಟಚ್ ಪರದೆ ಇದೆ, ಸೀಟು, ಪರದೆ, ಬೆಳಕು ಎಲ್ಲ ಅದರಲ್ಲೇ. ಕನ್ನಡಕ ಹಾಕದೆ ಓದುವುದು ಕಷ್ಟ. ಇದನ್ನು ಷೋರೂಮಿನಲ್ಲಿ ಕೂರುವವರ ಕೈಯಲ್ಲೇ ಮಾಡಿಸಿ ನೋಡಿ, ನೀವು ಒತ್ತಿ ತೋರಿಸಬೇಡಿ.

ಎಸ್-ಕ್ಲಾಸ್‌ನಲ್ಲಿ ಸೀಟಿನ ಚಿಹ್ನೆಗಳು ಬಾಗಿಲಿನ ಮೇಲೇ ಇವೆ, ಸೀಟಿನ ಆಕಾರದಲ್ಲೇ. ನಡುವಿನ ಆರ್ಮ್‌ರೆಸ್ಟಿನಲ್ಲಿ ಟ್ಯಾಬ್ಲೆಟ್. ಷೋಫರ್ ಪ್ಯಾಕೇಜ್ (ಹಿಂದೆ ಕೂರುವವರಿಗಾಗಿ ಇರುವ ಆಯ್ಕೆ) ಇದ್ದರೆ ಬೆನ್ನು 43.5 ಡಿಗ್ರಿವರೆಗೆ ಒರಗುತ್ತದೆ. ತಲೆಗೆ ಕೊಡುವ ಮೆತ್ತನೆ ದಿಂಬು ಈ ವರ್ಗದಲ್ಲೇ ವಾಸಿ. ಆದರೆ ಎಚ್ಚರ: ಒರಗುವುದು ಬೇರೆ, ಎದ್ದು ಇಳಿಯುವುದು ಬೇರೆ. ಮಂಡಿ ನೋವಿನವರಿಗೆ ಎರಡನೆಯದೇ ಮುಖ್ಯ. ಮೂರರಲ್ಲೂ ಏರ್ ಸಸ್ಪೆನ್ಷನ್ ಇದೆ, ಕಾರು ಎತ್ತರಿಸುವ ಸ್ವಿಚ್ ಒತ್ತಿ ಆಮೇಲೆ ಅವರನ್ನು ಇಳಿಸಿ ನೋಡಿ, ವ್ಯತ್ಯಾಸ ಅವರೇ ಹೇಳುತ್ತಾರೆ.

ಎ8ರ ತಂತ್ರ ಬೇರೆ. ಮೇಲಿನ ವೇರಿಯಂಟಿನ ರಿಲ್ಯಾಕ್ಸೇಷನ್ ಸೀಟಿನಲ್ಲಿ ಮುಂದಿನ ಪ್ಯಾಸೆಂಜರ್ ಸೀಟಿನ ಬೆನ್ನಿಗೇ ಪಾದದ ಮಸಾಜರ್, ಬಿಸಿ ಕೊಡುವುದೂ ಉಂಟು. ಚಪ್ಪಲಿ ಬಿಟ್ಟು ಪಾದ ಇಟ್ಟರೆ ಅಂಗಾಲು ಒತ್ತುತ್ತದೆ. ಮೂರೂ ಕಾರುಗಳಲ್ಲಿ ಅಜ್ಜ ಅಜ್ಜಿಯರು ಕೇಳಿ ಹಾಕಿಸಿಕೊಳ್ಳುವಂಥ ಸೌಕರ್ಯ ಅದೊಂದೇ ಎಂದು ನನ್ನ ಅನಿಸಿಕೆ. ಆದರೆ ಕಾಲು ಮೇಲಿರುವಾಗ ಮುಂದಿನ ಸೀಟು ಪೂರ್ತಿ ಮುಂದಕ್ಕೆ ಹೋಗಿರುತ್ತದೆ. ಆ ಸ್ಥಿತಿಯಲ್ಲಿ ಡ್ರೈವರ್‌ನನ್ನು ಕೂರಿಸಿ ಎಡಗನ್ನಡಿ ಪೂರ್ತಿ ಕಾಣುತ್ತದೆಯೇ ಎಂದು ಕೇಳಿ. ಮೂರೂ ಕಾರುಗಳಿಗೆ ಈ ಪರೀಕ್ಷೆ ಮಾಡಿ.

ಮೈಕ್ರೋಫೈಬರ್ ಬರೆದದ್ದು:

ತಿಳಿ ಲೆದರ್ ವಿಷಯಕ್ಕೆ ಬರುತ್ತೇನೆ. ಧೂಳು ಶತ್ರುವಲ್ಲ. ಶತ್ರುಗಳು ಹೊಸ ಜೀನ್ಸಿನ ನೀಲಿ, ತಲೆಗೆ ಹಚ್ಚಿದ ತೆಂಗಿನೆಣ್ಣೆ, ಜರಿ ಅಂಚು, ಕುಂಕುಮ. ಈ ಕಾರುಗಳ ನಪ್ಪಾ ಅಥವಾ ಮೆರಿನೋ ಲೆದರ್ ಮೆತ್ತಗಿರುವುದಕ್ಕೆ ಕಾರಣ ಅದರ ಮೇಲಿನ ರಕ್ಷಣೆಯ ಪದರ ತೆಳುವಾಗಿರುವುದು. ಹಾಗಾಗಿ ಕಲೆ ಬೇಗ ಇಳಿಯುತ್ತದೆ. ಬಣ್ಣ ಹಿಡಿದ ಎರಡು ಮೂರು ದಿನದೊಳಗೆ ತೆಗೆದರೆ ಹೋಗುತ್ತದೆ, ತಿಂಗಳು ಬಿಟ್ಟರೆ ಪದರದೊಳಗೇ ಕೂತುಬಿಡುತ್ತದೆ.

ಮಾಡುವ ಕ್ರಮ: ಮೊದಲು ವ್ಯಾಕ್ಯೂಮ್, ಮೆತ್ತನೆ ಬ್ರಷ್ ತುದಿ ಹಾಕಿ. ಆಮೇಲೆ ಪಿಎಚ್ ಸಮತೋಲನದ ಲೆದರ್ ಕ್ಲೀನರನ್ನು ಬ್ರಷ್ಷಿಗೆ ಹಾಕಿ, ಸೀಟಿಗೆ ನೇರ ಸಿಂಪಡಿಸಬೇಡಿ. ಅಂಗೈಯಗಲ ಜಾಗ ಉಜ್ಜಿ, ಕೂಡಲೇ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಪಕ್ಕಕ್ಕೆ ಹೋಗಿ. ನೇರ ಸಿಂಪಡಿಸಬಾರದು ಎನ್ನಲು ಕಾರಣ, ಗಾಳಿ ಬರುವ ಸೀಟಿನ ತೂತುಗಳು. ದ್ರವವೋ ಕಂಡೀಷನರ್ ಮುಲಾಮೋ ಅದರೊಳಗೆ ಇಳಿದರೆ ಬಿಳಿಯಾಗಿ ಗಟ್ಟಿಯಾಗುತ್ತದೆ, ಆಮೇಲೆ ಹಲ್ಲುಕಡ್ಡಿ ಹಿಡಿದು ಒಂದೊಂದೇ ತೂತು ಬಿಡಿಸಬೇಕು. ದಿಂಬಿಗೆ ತಿಳಿ ಬಣ್ಣದ ಹತ್ತಿ ಗವಸು ಹಾಕಿ ವಾರಕ್ಕೊಮ್ಮೆ ಒಗೆಯಿರಿ, ಎಣ್ಣೆ ಕಲೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಪೂರ್ತಿ ಸೀಟ್ ಕವರ್ ಮಾತ್ರ ಬೇಡವೇ ಬೇಡ. ಮಸಾಜ್, ತಂಪುಗಾಳಿ ಎರಡೂ ವ್ಯರ್ಥವಾಗುತ್ತವೆ, ಮುಂದಿನ ಸೀಟಿನಲ್ಲಾದರೆ ಪಕ್ಕದ ಏರ್‌ಬ್ಯಾಗಿಗೂ ಅಡ್ಡಿ.

ಬಿಎಂಡಬ್ಲ್ಯೂನಲ್ಲಿ ಲೆದರ್ ಜೊತೆ ಕಾಶ್ಮೀರಿ ಉಣ್ಣೆ ಬೆರೆಸಿದ ಬಟ್ಟೆಯ ಸೀಟು ಒಂದು ಆಯ್ಕೆ. ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದರೆ ಲೆದರ್‌ನ ಹಾಗೆ ಸುಡುವುದಿಲ್ಲ. ಆದರೆ ಕಾಫಿ ಚೆಲ್ಲಿದರೆ ಕಥೆ ಮುಗಿಯಿತು.

ಹೊಳೆಯುವ ಕಪ್ಪು ಪ್ಲಾಸ್ಟಿಕ್, ಅಂದರೆ ಪಿಯಾನೊ ಬ್ಲ್ಯಾಕ್, ಸಾಧ್ಯವಾದರೆ ತಪ್ಪಿಸಿ. ಒಣ ಬಟ್ಟೆಯಿಂದ ನಾಲ್ಕು ಸಲ ಒರೆಸಿದರೆ ಸಾಕು, ಧೂಳಿನ ಕಣಗಳೇ ಜೇಡರ ಬಲೆಯಂತೆ ಗೀರು ಹಾಕುತ್ತವೆ. ತೆರೆದ ರಂಧ್ರದ ಮರ, ಅಂದರೆ ಮಿರುಗದ ಮರ, ಎಂಟು ವರ್ಷಕ್ಕೂ ಹಾಗೇ ಇರುತ್ತದೆ. ಅದಕ್ಕೆ ಡ್ಯಾಶ್‌ಬೋರ್ಡ್ ಪಾಲಿಶ್ ಮಾತ್ರ ಮುಟ್ಟಿಸಬೇಡಿ, ರಂಧ್ರದಲ್ಲಿ ಕೂತು ಧೂಳು ಅಂಟುತ್ತದೆ. ಪರದೆಗಳಿಗೆ ಮನೆ ಕಿಟಕಿ ಗಾಜಿನ ಸ್ಪ್ರೇ ಬೇಡ. ಅಮೋನಿಯ ಇರುವಂಥದ್ದು ಮೇಲಿನ ಲೇಪವನ್ನೇ ತಿನ್ನುತ್ತದೆ.

ಹಳೆಯ ಕಾರು ನೋಡಲು ಹೋದರೆ ಮೊದಲು ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬು ನೋಡಿ, ಅಲ್ಲಿನ ಸವೆತ ಓಡೋಮೀಟರಿಗಿಂತ ಪ್ರಾಮಾಣಿಕ. ಆಮೇಲೆ ಎಲ್ಲ ಪರದೆಗಳಲ್ಲೂ ಪೂರ್ತಿ ಬಿಳಿ ಹಾಳೆಯಂಥ ಚಿತ್ರ ಹಾಕಿಸಿ, ಹಳೆಯ ಗುಂಡಿಗಳ ನೆರಳು ಉಳಿದಿದೆಯೇ ನೋಡಿ. ಹಿಂದಿನ ಕಿಟಕಿಯ ಸನ್‌ಬ್ಲೈಂಡ್‌ಗಳನ್ನು ಐದಾರು ಸಲ ಏರಿಸಿ ಇಳಿಸಿ. ಅಡಗುವ ಹಿಡಿಗಳು ನಾಲ್ಕೂ ಒಟ್ಟಿಗೆ ಹೊರಗೆ ಬರುತ್ತವೆಯೇ ನೋಡಿ.

ಹಿಂದಿನಸೀಟು ಬರೆದದ್ದು:

ಬಹಳ ಉಪಕಾರ. ಎರಡು ಸಣ್ಣ ಪ್ರಶ್ನೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಗೂಡು 5 ಮೀಟರ್ ಉದ್ದ, 2.5 ಅಗಲ, ಒಂದು ಬದಿ ಕಂಬ. ಮತ್ತೆ 7 ಸೀರೀಸ್ ಎರಡು ಬಣ್ಣದ್ದು ನೋಡಿದೆವು, ಮನಸ್ಸಿಗೆ ಬಂದುಬಿಟ್ಟಿದೆ.

ವೀಲ್‌ಬೇಸ್3216 ಬರೆದದ್ದು:

ಗೂಡಿಗೆ ಮೂರೂ ಉದ್ದವೇ. 7 ಸೀರೀಸ್ 39 ಸೆಂ.ಮೀ. ಹೊರಗೆ ಚಾಚುತ್ತದೆ, ಎಸ್ 29, ಎ8 32. ಹಿಂದಿನ ಗೋಡೆಗೆ ಬಂಪರ್ ಮುಟ್ಟಿಸಿ ನಿಲ್ಲಿಸಲಾಗದು, ಇನ್ನೂ 20 ಸೆಂ.ಮೀ. ಸೇರಿಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ 5.6 ಮೀಟರ್ ಗೆರೆ ಎಳೆದು ಎದುರಿನ ಕಾರಿಗೆ ದಾರಿ ಉಳಿಯುತ್ತದೆಯೇ ನೋಡಿ. ಅಗಲ ಇನ್ನೂ ಮುಖ್ಯ. 7 ಸೀರೀಸ್ ದೇಹವೇ 1950 ಮಿ.ಮೀ., ಉಳಿಯುವುದು ಎರಡೂ ಕಡೆ ಸೇರಿ 55 ಸೆಂ.ಮೀ. ಮಂಡಿ ನೋವಿನವರು ಗೂಡಿನೊಳಗೆ ಹತ್ತಿ ಇಳಿಯುವ ಮಾತೇ ಇಲ್ಲ, ಲಿಫ್ಟ್ ಬಾಗಿಲಲ್ಲೇ ಇಳಿಸಬೇಕು. ತಾನಾಗೇ ತೆರೆಯುವ ಬಾಗಿಲು ಅಡ್ಡಿ ಕಂಡರೆ ನಿಲ್ಲುತ್ತದೆ ನಿಜ, ಆದರೆ ಕಂಬದ ಪಕ್ಕ ಅದು ಒಂದು ಗೇಣು ತೆರೆದು ನಿಂತರೆ ಏನು ಪ್ರಯೋಜನ?

ತಿರುವಿಗೆ ಹಿಂದಿನ ಚಕ್ರವೂ ತಿರುಗುವ ಸೌಲಭ್ಯ ನೋಡಿಕೊಳ್ಳಿ. ಎಸ್-ಕ್ಲಾಸ್‌ನಲ್ಲಿ ಇದು 4.5 ಡಿಗ್ರಿ ಮತ್ತು 10 ಡಿಗ್ರಿ ಎಂದು ಎರಡು ಬಗೆ. 10 ಡಿಗ್ರಿಯದಾದರೆ ಇಷ್ಟುದ್ದದ ಕಾರು 11 ಮೀಟರಿಗಿಂತ ಕಡಿಮೆ ವೃತ್ತದಲ್ಲಿ ತಿರುಗುತ್ತದೆ. ಹಳೆಯದು ಕೊಳ್ಳುವಾಗ ಆ ನಿರ್ದಿಷ್ಟ ಕಾರಿನಲ್ಲಿ ಯಾವುದಿದೆ ಎಂದು ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಮಾರುವವರ ಜಾಹೀರಾತು ನಂಬಬೇಡಿ.

ಎರಡು ಬಣ್ಣದ್ದು ಕಣ್ಣಿಗೆ ಹಬ್ಬ. ಬಾಗಿಲಿಗೆ ಗೀರು ಬಿದ್ದರೆ ಗೆರೆಯ ಮೇಲೂ ಕೆಳಗೂ ಎರಡು ಬಣ್ಣ ಹೊಂದಿಸಿ, ಗೆರೆಯನ್ನು ಪಕ್ಕದ ಬಾಗಿಲಿನ ಗೆರೆಗೆ ಸರಿಯಾಗಿ ಕೂಡಿಸಬೇಕು. ಕೈ ಪಳಗಿದವರು ಕಡಿಮೆ. ಮ್ಯಾಟ್ ಬಣ್ಣವಾದರೆ ಇನ್ನೂ ಕಷ್ಟ, ಅದನ್ನು ಪಾಲಿಶ್ ಮಾಡಿ ಗೀರು ತೆಗೆಯಲಾಗದು, ಉಜ್ಜಿದ ಜಾಗ ಮಿರುಗಿಬಿಡುತ್ತದೆ. ಪೂರ್ತಿ ಪ್ಯಾನೆಲ್ಲಿಗೇ ಬಣ್ಣ ಹೊಡೆಯಬೇಕು. ಬೈಕುಗಳು ನುಸುಳುವ ಊರಿನಲ್ಲಿ ಅದನ್ನು ಕೊಳ್ಳುವುದಾದರೆ ನಂಬರ್ ಪ್ಲೇಟ್ ಬರುವ ಮೊದಲೇ ಪೂರ್ತಿ ಮೈಗೆ ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಿ. ಮ್ಯಾಟ್‌ಗೆ ಮ್ಯಾಟ್ ಫಿಲ್ಮೇ ಬೇಕು, ಹೊಳಪಿನದು ಹಾಕಿದರೆ ಕೊಟ್ಟ ದುಡ್ಡೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಡ್ಯಾಶ್‌ಬೋರ್ಡ್‌ದಾಸ ಬರೆದದ್ದು:

ಆ ಕಂಬದ ಮಾತು ಕೇಳಿದ ಮೇಲೆ 7 ಸೀರೀಸ್ ನಿಮ್ಮ ಪಟ್ಟಿಯಿಂದ ತೆಗೆಯುತ್ತೇನೆ. ಪಾದದ ಮಸಾಜರ್ ಇರುವ ಎ8 ಎಲ್ ಹಳೆಯದು ಸಿಕ್ಕರೆ ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಗಾಢ ಬಣ್ಣದ ಎಸ್-ಕ್ಲಾಸ್, ಒಳಗೆ ಕಂದು ಲೆದರ್, ಮಿರುಗದ ಮರ. ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲಲ್ಲಿ ನಿಂತ ಕಾರನ್ನೇ ಕೇಳಿ ನೋಡಿ. ಷೋರೂಮಿನ ದೀಪದಡಿ ಎಲ್ಲವೂ ಮದುಮಗಳೇ.