ಆನ್‌ಲೈನ್ ಆಪ್ತಸಮಾಲೋಚನೆ: ಮಾಡಿದವರು, ಪಡೆದವರು ಅನುಭವ ಹೇಳಿ

ಧಾರವಾಡದ ಆಪ್ತಸಮಾಲೋಚಕಿ ಕೇಳಿದ್ದು:
ಎರಡು ವರ್ಷ ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಈಗ ಸ್ವಂತವಾಗಿ ಕೆಲಸ ಆರಂಭಿಸಿದ್ದೇನೆ. ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಡಿಯೊ ಕರೆಯಲ್ಲೇ ಮಾತನಾಡೋಣ ಎನ್ನುತ್ತಾರೆ. ಎದುರು ಕುಳಿತು ಕಲಿತ ಕೆಲಸವನ್ನು ಪರದೆಯ ಮೇಲೆ ಮಾಡುವುದು ಹೇಗೆ? ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಏನು ಮಾಡುತ್ತೀರಿ?

ಮೈಸೂರಿನಿಂದ, ಇಪ್ಪತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವವಳು:
ಮೊದಲು ಬಾಗಿಲಿನ ವಿಚಾರ ಹೇಳುತ್ತೇನೆ. ನಾನು ವಿಡಿಯೊದಲ್ಲಿ ಸಮಾಲೋಚನೆ ಆರಂಭಿಸಿದ್ದು 2020ರ ಲಾಕ್‌ಡೌನ್‌ನಲ್ಲಿ. ಒಬ್ಬ ಹೆಣ್ಣುಮಗಳು ಮೂರು ವಾರ, ಏನು ಕೇಳಿದರೂ ‘ಪರವಾಗಿಲ್ಲ ಮೇಡಂ, ಈಗ ಚೆನ್ನಾಗಿದ್ದೇನೆ’ ಎಂದೇ ಉತ್ತರಿಸಿದಳು. ಸುಧಾರಿಸುತ್ತಿದ್ದಾಳೆ ಎಂದು ಟಿಪ್ಪಣಿಯನ್ನೂ ಬರೆದುಕೊಂಡೆ. ನಾಲ್ಕನೆಯ ವಾರ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಗೆ ಹೋಗಿ ಕರೆ ಮಾಡಿದಳು. ಅಷ್ಟು ದಿನವೂ ಗಂಡ ಅದೇ ಕೋಣೆಯಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಕುಳಿತಿರುತ್ತಿದ್ದನಂತೆ. ನಮ್ಮ ಕೊಠಡಿಯಲ್ಲಾದರೆ ಬಾಗಿಲು ಹಾಕುವುದು ನಮ್ಮ ಕೈಯಲ್ಲಿರುತ್ತದೆ. ಅವರ ಮನೆಯ ಬಾಗಿಲನ್ನು ಕೇಳಿಯೇ ತಿಳಿಯಬೇಕು, ನಾನು ಕೇಳಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಈಗ ಪ್ರತಿ ಸಲವೂ ‘ಎಲ್ಲಿ ಕುಳಿತಿದ್ದೀರಿ, ಹತ್ತಿರ ಯಾರಾದರೂ ಇದ್ದಾರೆಯೇ, ಇಯರ್‌ಫೋನ್ ಹಾಕಿದ್ದೀರಾ’ ಎಂದು ಕೇಳುತ್ತೇನೆ. ಹೌದು, ಇಲ್ಲ ಎಂದರೆ ಸಾಕಾಗುವಂತೆ ಕೇಳುತ್ತೇನೆ. ಒಂದು ಗುಟ್ಟಿನ ಮಾತನ್ನೂ ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ‘ಒಲೆಯ ಮೇಲೆ ಹಾಲಿಟ್ಟಿದ್ದೇನೆ’ ಎಂದು ಅವರು ಹೇಳಿದರೆ ಯಾರೋ ಬಂದರು ಎಂದು ಅರ್ಥ. ತಕ್ಷಣ ಮಾತು ನಿದ್ರೆಗೋ ಊಟಕ್ಕೋ ತಿರುಗುತ್ತದೆ.

ಅವರು ಆ ಹೊತ್ತಿಗೆ ಇರುವ ವಿಳಾಸ, ಆಪತ್ತಿನಲ್ಲಿ ನಾವು ಕರೆಯಬಹುದಾದ ಒಬ್ಬರ ನಂಬರ್, ಇವೆರಡೂ ಮೊದಲ ದಿನವೇ ನಿಮ್ಮಲ್ಲಿರಬೇಕು. ಕರೆ ಕಡಿದುಹೋದರೆ ಯಾರು ಮರಳಿ ಮಾಡುವುದು ಎಂಬುದನ್ನೂ ತೀರ್ಮಾನಿಸಿಕೊಳ್ಳಿ. ಅಳುವ ಹೊತ್ತಿಗೇ ನೆಟ್‌ವರ್ಕ್ ಹೋಗಿ, ನಾನು ಬೇಕೆಂದೇ ಕರೆ ಇಟ್ಟೆನೆಂದು ಒಬ್ಬರು ಒಂದು ವಾರ ನೊಂದಿದ್ದರು.

ಮೌನದ ವಿಷಯವೂ ಹಾಗೆಯೇ. ಎದುರು ಕುಳಿತಾಗ ಎರಡು ನಿಮಿಷದ ಮೌನ ಕೆಲಸ ಮಾಡುತ್ತದೆ. ಪರದೆಯಲ್ಲಿ ಹತ್ತು ಸೆಕೆಂಡ್ ಸುಮ್ಮನಿದ್ದರೆ ‘ಕೇಳಿಸುತ್ತಿದೆಯೇ’ ಎನ್ನುತ್ತಾರೆ. ‘ನಾನು ಸುಮ್ಮನಿದ್ದರೂ ಇಲ್ಲೇ ಇರುತ್ತೇನೆ’ ಎಂದು ಮುಂಚೆಯೇ ಹೇಳಿಬಿಡಿ. ಇನ್ನು, ಮುಖ ಕಾಣುತ್ತದೆ, ಕೈ ಹೊಸಕಿಕೊಳ್ಳುವುದು ಕಾಣುವುದಿಲ್ಲ. ಮೈಯಲ್ಲಿ ಏನಾಗುತ್ತಿದೆ ಎಂದು ಬಾಯಿಬಿಟ್ಟು ಕೇಳುವುದನ್ನು ರೂಢಿಸಿಕೊಳ್ಳಬೇಕಾಯಿತು.

ರಾತ್ರಿಯ ಸಂದೇಶ: ವಾಟ್ಸ್‌ಆ್ಯಪ್ ಸಮಯ ನಿಗದಿಗೆ ಮಾತ್ರ ಎಂದು ಒಪ್ಪಿಗೆ ಪತ್ರದಲ್ಲೇ ಬರೆದಿದ್ದೇನೆ. ಅದರ ಕೆಳಗೆ 14416 ಎಂದು ದಪ್ಪ ಅಕ್ಷರದಲ್ಲಿದೆ. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನೀವೊಬ್ಬರೇ ಎಲ್ಲ ರಾತ್ರಿಗಳನ್ನೂ ಕಾಯಲಾರಿರಿ, ಕಾಯುತ್ತೇನೆಂದು ಮಾತು ಕೊಡಲೂಬೇಡಿ.

ಜರ್ಮನಿಯಲ್ಲಿರುವ ತಿಪಟೂರಿನವನು, ಸಮಾಲೋಚನೆ ಪಡೆದವನು:
ಇಲ್ಲಿ ಇಂಗ್ಲಿಷ್‌ನಲ್ಲಿ ಆರು ಸಲ ಮಾತನಾಡಿದೆ. ‘ಬೇಜಾರು’ ಎಂಬ ಒಂದು ಮಾತಿಗೆ ದುಃಖ, ಬೇಸರ, ಮುನಿಸು ಎಂದು ಬೇರೆಬೇರೆ ಪದ ಹುಡುಕುವುದರಲ್ಲೇ ಗಂಟೆ ಕಳೆಯುತ್ತಿತ್ತು. ಆಮೇಲೆ ಬೆಂಗಳೂರಿನ ಆಪ್ತಸಮಾಲೋಚಕರೊಬ್ಬರು ಸಿಕ್ಕರು. ‘ಅಪ್ಪ ಹೋದಾಗ ಮಣ್ಣಿಗೆ ಹೋಗಲಾಗಲಿಲ್ಲ’ ಎಂದೆ. ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ, ಐದು ವರ್ಷದಲ್ಲಿ ಮೊದಲ ಬಾರಿ ಅತ್ತೆ. ಅವರು ಮೊದಲ ದಿನವೇ, ಮಾತ್ರೆ ಬೇಕಾದರೆ ಜರ್ಮನಿಯ ವೈದ್ಯರನ್ನೇ ಕಾಣಬೇಕು, ತುರ್ತಿಗೆ ಅಲ್ಲಿನ ನಂಬರ್ ಬರೆದಿಟ್ಟುಕೊಳ್ಳಿ ಎಂದಿದ್ದರು. ನೀವೂ ಹಾಗೆ ಹೇಳಿ.

ಮನೋವೈದ್ಯ, ಜಿಲ್ಲಾ ಕೇಂದ್ರವೊಂದರಿಂದ:
ಆ ಬೆಂಗಳೂರಿನ ಆಪ್ತಸಮಾಲೋಚಕರು ಹೇಳಿದ್ದು ಸರಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಭಾರತದ ಹೊರಗಿನವರಿಗೆ ಕೊಡುವ ವೈದ್ಯಕೀಯ ಸಲಹೆಗೆ ಅನ್ವಯಿಸುವುದಿಲ್ಲ. ನೀವು ವೈದ್ಯರಲ್ಲದಿದ್ದರೂ ಆ ದೇಶದ ನಿಯಮ ನೋಡಿಕೊಂಡೇ ಮುಂದುವರಿಯಿರಿ. ಸೆಷನ್ ರೆಕಾರ್ಡ್ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕಾಗಿಸಿದೆ. ಮನೆಮಂದಿಯೆಲ್ಲ ಬಳಸುವ ಮೊಬೈಲ್‌ನಲ್ಲಿ ಟಿಪ್ಪಣಿ ಇಡುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಭ್ರಮೆ, ವಿಪರೀತ ಕುಡಿತ, ಸಾಯುವ ಯೋಜನೆ ಕಂಡುಬಂದರೆ ಪರದೆಯನ್ನು ನೆಚ್ಚದೆ ಎದುರಿಗೆ ಕರೆಸಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕಳಿಸಿ.

ಕಾಲೇಜು ಆಪ್ತಸಮಾಲೋಚಕ, ಮಂಗಳೂರು:
ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಜೊತೆ ತಿಂಗಳುಗಟ್ಟಲೆ ಮಾತನಾಡಿ ಬರುವ ವಿದ್ಯಾರ್ಥಿಗಳು ನಿಮಗೂ ಸಿಗುತ್ತಾರೆ. ಗದರಬೇಡಿ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ರೂಪಿಸಿದ ‘ಎಲೈಜಾ’ ನಾವು ಹೇಳಿದ್ದನ್ನೇ ತಿರುಗಿಸಿ ಕೇಳುವಂಥ ಸರಳ ಪ್ರೋಗ್ರಾಂ. ಅದರ ಜೊತೆಗೂ ಜನ ಮನಬಿಚ್ಚಿ ಮಾತನಾಡಿದ್ದರು. ಇಷ್ಟವಿದ್ದರೆ ಆ ಸಂಭಾಷಣೆಯನ್ನು ತೋರಿಸಿ ಎನ್ನುತ್ತೇನೆ. ಮನುಷ್ಯರಿಗೆ ಹೇಳಲಾಗದ್ದು ಅಲ್ಲಿರುತ್ತದೆ, ನಮ್ಮ ಕೆಲಸ ಅಲ್ಲಿಂದ ಆರಂಭವಾಗುತ್ತದೆ.

ಸಾಗರ ತಾಲ್ಲೂಕಿನ ತಾಯಿ:
ನಮ್ಮಲ್ಲಿ ನೆಟ್‌ವರ್ಕ್ ಸಿಗದೆ ವಿಡಿಯೊ ಕರೆ ನಡೆಯುವುದೇ ಇಲ್ಲ. ಮಗ ಅಡಿಕೆ ತೋಟದ ಮೇಲಿನ ಗುಡ್ಡಕ್ಕೆ ಹೋಗಿ ಬರೀ ಧ್ವನಿಯಲ್ಲಿ ಮಾತನಾಡುತ್ತಿದ್ದ. ಮುಖ ಕಾಣದ್ದರಿಂದಲೇ ಹೇಳಲು ಸಾಧ್ಯವಾಯಿತು ಎಂದು ಆಮೇಲೆ ಹೇಳಿದ. ಆದ್ದರಿಂದ ಕ್ಯಾಮೆರಾ ಹಾಕಲೇಬೇಕೆಂದು ಒತ್ತಾಯಿಸಬೇಡಿ ಮೇಡಂ. ಮಳೆಗಾಲದಲ್ಲಿ ಗುಡ್ಡ ಹತ್ತಲಾಗದ ದಿನಗಳಿರುತ್ತವೆ, ಅಂಥ ದಿನ ಶುಲ್ಕ ಕಡಿದುಕೊಳ್ಳದೆ ಬೇರೆ ಹೊತ್ತು ಕೊಡಿ.