ಹೊಸ ಕಾರಿನ ಬಾನೆಟ್‌ನಲ್ಲಿ ಬಣ್ಣ ಚಕ್ಕೆ ಏಳುತ್ತಿದೆ, ಹಿಂದಿನ ಡೋರ್ ಕೆಳಗೆ ಕಲ್ಲೇಟು, ಪಾರ್ಕಿಂಗ್‌ನಲ್ಲಿ ಡೆಂಟ್. ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಲಾ?

ಕೆಂಪುಗಾಡಿ:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಹೊಸದಾಗಿ ತಗೊಂಡ ಕೆಂಪು ಹ್ಯಾಚ್‌ಬ್ಯಾಕ್ ನನ್ನದು. ಇರುವುದು ಬೆಂಗಳೂರಿನಲ್ಲಿ. ಅಪ್ಪ ಅಮ್ಮ ಸಕಲೇಶಪುರದ ಹತ್ತಿರ ಇದ್ದಾರೆ, ಹಾಗಾಗಿ ಹಾಸನದ ದಾರಿಯಲ್ಲಿ ಓಡಾಟ ಜಾಸ್ತಿ. ತಗೊಂಡ ತಕ್ಷಣ ಸೆರಾಮಿಕ್ ಕೋಟಿಂಗ್ ಮಾಡಿಸಿದ್ದೇನೆ.

ಈಗ ಮೂರು ಕಡೆ ತೊಂದರೆ. ಬಾನೆಟ್ ಮುಂದಿನ ಅಂಚಿನಲ್ಲಿ ಸಣ್ಣ ಚುಕ್ಕೆಗಳು ಬಿದ್ದಿವೆ. ಅದರಲ್ಲಿ ಎರಡು ಕಡೆ ಉಗುರಿನಷ್ಟು ಅಗಲಕ್ಕೆ ಬಣ್ಣ ಎದ್ದು ಹೋಗಿದೆ, ಪಕ್ಕದಲ್ಲಿ ಇನ್ನೂ ಏಳುತ್ತಿದೆ. ಹಿಂದಿನ ಡೋರ್‌ಗಳ ಕೆಳಭಾಗ, ಹಿಂಚಕ್ರದ ಮುಂದೆ, ಎರಡೂ ಬದಿಯಲ್ಲಿ ಮರಳು ಎರಚಿದ ಹಾಗೆ ಚುಕ್ಕೆಗಳು. ಎಡಗಡೆ ಮುಂದಿನ ಡೋರ್‌ನಲ್ಲಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಯಾರೋ ಡೋರ್ ತಾಗಿಸಿದ ಡೆಂಟ್.

ಒಂದು ಗ್ಯಾರೇಜಿನಲ್ಲಿ ಕೇಳಿದರೆ "ಈಗಿನ ಕಾರಿನ ಬಣ್ಣವೇ ಹೀಗೆ, ತೆಳು, ಇಡೀ ಕಾರಿಗೆ ಪಿಪಿಎಫ್ ಹಾಕಿಸಿಬಿಡಿ" ಅಂದರು. ಖರ್ಚು ಕೇಳಿ ತಲೆ ತಿರುಗಿತು. ಸೆರಾಮಿಕ್ ಇದ್ದರೂ ಬಣ್ಣ ಯಾಕೆ ಏಳುತ್ತಿದೆ? ಏನು ಮಾಡಲಿ?

ಘಾಟಿದಾರಿ:

ಸೆರಾಮಿಕ್ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಕಲ್ಲೇಟು ತಡೆಯುವ ವಸ್ತುವೇ ಅಲ್ಲ ಸರ್. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಪ್ಪದ ಪದರ. ನೀರು ಜಾರುತ್ತದೆ, ಕೊಳೆ ಹಿಡಿಯುವುದಿಲ್ಲ, ಹಕ್ಕಿ ಹಿಕ್ಕೆ ಬಿದ್ದರೆ ತೊಳೆಯಲು ಸ್ವಲ್ಪ ಸಮಯ ಸಿಗುತ್ತದೆ. ಅಷ್ಟಕ್ಕೆ ಅದು ಒಳ್ಳೆಯದು. ಡಬ್ಬದ ಮೇಲೆ ಬರೆಯುವ '9ಎಚ್' ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ. ಪೆನ್ಸಿಲ್ ಮೊನೆಯಿಂದ ಗೀರಿದಾಗ ಗೆರೆ ಬೀಳುತ್ತದಾ ಅಂತ ನೋಡುವ ಪರೀಕ್ಷೆ ಅದು. ಟಿಪ್ಪರ್‌ನಿಂದ ಹಾರಿ ಬರುವ ಜಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ಮಾರುವಾಗಲೇ ಹೇಳಬೇಕು, ಯಾರೂ ಹೇಳುವುದಿಲ್ಲ. ಅದೇ ನನಗೆ ಸಿಟ್ಟು ಬರುವ ವಿಷಯ.

ಪಿಪಿಎಫ್ ಬೇರೆ. ಅದು 150ರಿಂದ 200 ಮೈಕ್ರಾನ್ ದಪ್ಪದ ಯುರೇಥೇನ್ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳು, ಚೂರುಗಳಿಂದ ಕಾಯಲು ಬಂದ ಟೇಪಿನ ವಂಶದ್ದು. ಕಲ್ಲಿನ ಪೆಟ್ಟನ್ನು ನಿಜವಾಗಿ ತಡೆಯುತ್ತದೆ. ಆದರೆ ಇಡೀ ಕಾರಿಗೆ ಬೇಕಿಲ್ಲ. ನಿಮ್ಮ ಈಗಿನ ಬಾನೆಟ್ ಮೇಲಂತೂ ಹಾಕಿಸಬೇಡಿ, ತಾನಾಗಿಯೇ ಏಳುತ್ತಿರುವ ಬಣ್ಣ ಅದು. ಮುಂದೆ ಫಿಲ್ಮ್ ತೆಗೆಯುವ ದಿನ ಉಳಿದದ್ದೂ ಅದರ ಜೊತೆಗೇ ಬರುತ್ತದೆ.

ಹತ್ತಿರದಿಂದ ತೆಗೆದ ಫೋಟೋ ಹಾಕುತ್ತೀರಾ? ಎದ್ದ ಜಾಗದ ತಳದಲ್ಲಿ ಯಾವ ಬಣ್ಣ ಕಾಣುತ್ತದೆ ಅನ್ನುವುದು ಮುಖ್ಯ.

ಬೂತ್‌ಕೆಲಸ:

ನಾನು ಪೇಂಟ್ ಬೂತ್‌ನಲ್ಲಿ ಕೆಲಸ ಮಾಡುವವನು. ದುಡ್ಡು ಖರ್ಚು ಮಾಡುವ ಮೊದಲು ಬಣ್ಣ ಎಲ್ಲಿ ಹೋಗಿದೆ, ಹೇಗೆ ಹೋಗಿದೆ ಅಂತ ನೋಡಿ. ಕಾರಣ ಅಲ್ಲೇ ಕಾಣುತ್ತದೆ.

ಫ್ಯಾಕ್ಟರಿಯಲ್ಲಿ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ಮೊದಲ ಪದರ ಹಿಡಿಸುತ್ತಾರೆ. ಅದೇ ಇ-ಕೋಟ್, ಸುಮಾರು 20 ಮೈಕ್ರಾನ್. ತುಕ್ಕು ತಡೆಯುವ ಮುಖ್ಯ ಕೆಲಸ ಅದರದ್ದು. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್, ಅಂದರೆ ಹೊಳಪು ಕೊಡುವ ಪಾರದರ್ಶಕ ಪದರ. ಎಲ್ಲಾ ಸೇರಿದರೂ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್, ಅಂದರೆ ಒಂದು ಎ4 ಹಾಳೆಯ ದಪ್ಪದ ಆಸುಪಾಸು. ಇ-ಕೋಟ್ ಅನ್ನು 160 ಡಿಗ್ರಿ ಮೀರಿದ ಶಾಖದಲ್ಲಿ ಬೇಯಿಸಿರುತ್ತಾರೆ. ನಮ್ಮ ಬೂತ್‌ನಲ್ಲಿ 60 ಡಿಗ್ರಿ ಆಸುಪಾಸಿಗೇ ನಿಲ್ಲಬೇಕು. ಮೇಲೆ ಹೋದರೆ ವೈರಿಂಗ್, ಪ್ಲಾಸ್ಟಿಕ್, ಸೀಟು ಎಲ್ಲಾ ಹಾಳು. ಅದಕ್ಕೇ ಫ್ಯಾಕ್ಟರಿ ಬಣ್ಣವನ್ನು ಸುಮ್ನೆ ಕೆರೆದು ತೆಗೆಸಬೇಡಿ ಅಂತ ಬರುವವರಿಗೆಲ್ಲ ಹೇಳುತ್ತೇನೆ. ಆ ಅಡಿಪಾಯವನ್ನು ಯಾವ ಗ್ಯಾರೇಜೂ ವಾಪಸ್ ಕೊಡಲಾರದು.

ಚುಕ್ಕೆಯ ತಳ ಬರೀ ಬಿಳಿಚಿಕೊಂಡಿದ್ದರೆ ಕ್ಲಿಯರ್ ಮಾತ್ರ ಹೋಗಿದೆ, ಗಾಬರಿ ಬೇಡ. ಬೂದು ಕಂಡರೆ ಪ್ರೈಮರ್ ಅಥವಾ ಇ-ಕೋಟ್ ವರೆಗೆ ಹೋಗಿದೆ, ಸಮಯ ಇದೆ. ಹೊಳೆಯುವ ತಗಡು ಅಥವಾ ಕಂದು ಕಲೆ ಕಂಡರೆ ತಡ ಮಾಡಬೇಡಿ.

ಫ್ಯಾಕ್ಟರಿ ಬಣ್ಣಕ್ಕೆ ಕಲ್ಲು ಬಿದ್ದರೆ ಹೆಚ್ಚಾಗಿ ಒಂದೆರಡು ಮಿಲಿಮೀಟರಿನ ಗುಂಡಿ ಬೀಳುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಚಕ್ಕೆ ಚಕ್ಕೆಯಾಗಿ ಅಗಲಕ್ಕೆ ಏಳುವುದಿಲ್ಲ. ಎದ್ದರೆ ಎರಡು ಪದರಗಳ ನಡುವೆ ಹಿಡಿತ ಇಲ್ಲ ಅಂತ ಅರ್ಥ. ನನಗೆ ಅನುಮಾನ ಇರುವುದು ಅಲ್ಲೇ. ಆ ಬಾನೆಟ್‌ಗೆ ಮರುಪೇಂಟ್ ಆಗಿರಬಹುದು.

ಒಂದು ಸುಲಭ ಪರೀಕ್ಷೆ ಇದೆ. ಎದ್ದ ಜಾಗದ ಅಂಚಿಗೆ ಒಳ್ಳೆಯ ಅಂಟಿನ ಟೇಪ್ ಒತ್ತಿ ಹಚ್ಚಿ, ಸಟ್ಟನೆ ಎಳೆಯಿರಿ. ಬಣ್ಣ ಟೇಪಿಗೆ ಅಂಟಿ ಬಂದರೆ ಹಿಡಿತ ಇಲ್ಲ. ಟೇಪ್ ಎಳೆಯುವುದು ನನ್ನ ಸೃಷ್ಟಿ ಅಲ್ಲ, ಕಲ್ಲೇಟಿಗೆ ಇರುವ ಎಸ್‌ಎಇ ಜೆ400 ಅನ್ನುವ ಪ್ರಮಾಣಿತ ಪರೀಕ್ಷೆಯಲ್ಲೂ ಇದೆ. ಗಾಳಿಯ ಒತ್ತಡದಲ್ಲಿ ಜಲ್ಲಿಯನ್ನು ಬಣ್ಣದ ತಗಡಿನ ಮೇಲೆ ಹೊಡೆಯುತ್ತಾರೆ. ಆಮೇಲೆ ಸಡಿಲವಾದದ್ದನ್ನು ಟೇಪ್ ಹಚ್ಚಿ ಕಿತ್ತು, ಎಷ್ಟು ಹೋಯಿತು ಅಂತ ಎಣಿಸುತ್ತಾರೆ. ಇನ್ನೊಂದು, ಯಾರ ಬಳಿಯಾದರೂ ಬಣ್ಣದ ದಪ್ಪ ಅಳೆಯುವ ಗೇಜ್ ಇದ್ದರೆ ಬಾನೆಟ್ ಮತ್ತು ರೂಫ್ ಎರಡನ್ನೂ ಅಳೆಸಿ. ಮರುಪೇಂಟ್ ಆಗಿದ್ದರೆ ಬಾನೆಟ್ ಮೇಲೆ ದಪ್ಪ ಜಾಸ್ತಿ ತೋರಿಸುತ್ತದೆ.

ಹಿಂದಿನ ಡೋರ್ ಕೆಳಗಿನ ಚುಕ್ಕೆಗೆ ಕಾರಣ ಬೇರೆ ಇದೆ. ಮಡ್ ಫ್ಲ್ಯಾಪ್ ಇದೆಯಾ? ಟೈರ್ ಬದಲಿಸಿದ್ದೀರಾ?

ಕೆಂಪುಗಾಡಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಫೋಟೋ ಹಾಕಿದ್ದೇನೆ.

ಎದ್ದ ಜಾಗದ ತಳದಲ್ಲಿ ಕಾಣುವುದು ಕೆಂಪೇ! ಅದೂ ನುಣ್ಣಗೆ ಹೊಳೆಯುತ್ತಿದೆ. ಟೇಪ್ ಎಳೆದೆ, ಅಂಚಿನಿಂದ ಇನ್ನೊಂದು ಚೂರು ಬಂತು. ಚೂರಿನ ಒಳಬದಿ ಬೂದು ಬಣ್ಣ. ಪರಿಚಯದವರ ಬಳಿ ಗೇಜ್ ಸಿಕ್ಕಿತು. ರೂಫ್ ಮೇಲೆ 112 ಮೈಕ್ರಾನ್, ಡೋರ್ ಮೇಲೆ 118, ಬಾನೆಟ್ ಮೇಲೆ 240ರ ಆಸುಪಾಸು.

ಮುಂದಿನ ಬಂಪರ್ ಅಳೆಯಲು ಹೋದರೆ ಗೇಜ್ ಏನೂ ತೋರಿಸಲಿಲ್ಲ, ಯಾಕೆ?

ಹೌದು, ಅಲಾಯ್ ಜೊತೆ ಸ್ವಲ್ಪ ಅಗಲದ ಟೈರ್ ಹಾಕಿಸಿದ್ದೇನೆ. ಮಡ್ ಫ್ಲ್ಯಾಪ್ ಈ ಮಾಡೆಲ್‌ಗೆ ಕಂಪನಿಯಿಂದ ಬರುವುದಿಲ್ಲ.

ಬೂತ್‌ಕೆಲಸ:

ಬಂಪರ್ ಪ್ಲಾಸ್ಟಿಕ್ ಅಲ್ವಾ, ಆ ಗೇಜ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಬಂಪರ್‌ನಲ್ಲಿ ಚುಕ್ಕೆ ಬಿದ್ದರೆ ತುಕ್ಕಿನ ಭಯವೂ ಇಲ್ಲ, ಅಂದದ ಪ್ರಶ್ನೆ ಅಷ್ಟೇ.

ಬಾನೆಟ್ ವಿಷಯದಲ್ಲಿ ಈಗ ಅನುಮಾನವೇ ಇಲ್ಲ. ಹೊಳೆಯುವ ಫ್ಯಾಕ್ಟರಿ ಕ್ಲಿಯರ್ ಮೇಲೆ ನೇರವಾಗಿ ಪ್ರೈಮರ್ ಹೊಡೆದಿದ್ದಾರೆ. ವಾಟರ್ ಪೇಪರ್ ಹಾಕಿ ಉಜ್ಜಿ ಹೊಳಪು ತೆಗೆಯದೆ ಹೊಡೆದರೆ ಮೇಲಿನ ಪದರಕ್ಕೆ ಕಚ್ಚಿಕೊಳ್ಳಲು ಏನೂ ಸಿಗುವುದಿಲ್ಲ. ಕಲ್ಲು ಬಿದ್ದಾಗ ಅಲ್ಲಿಂದ ಬಿಡುತ್ತದೆ, ಆಮೇಲೆ ನೀರಿನ ಪೈಪಿನ ಒತ್ತಡಕ್ಕೂ ಏಳುತ್ತದೆ. ಸಾಗಣೆಯಲ್ಲೋ, ಯಾರ್ಡ್‌ನಲ್ಲೋ ಏನಾದರೂ ಆಗಿ ಡೆಲಿವರಿಗೆ ಮೊದಲೇ ಪೇಂಟ್ ಆಗಿರಬಹುದು. ನೀವೇ ಎಲ್ಲೂ ಮಾಡಿಸಿಲ್ಲ ಅಂದರೆ ಶೋರೂಂಗೆ ಗೇಜ್ ಓದಿನ ಫೋಟೋ ಸಮೇತ ಲಿಖಿತವಾಗಿ ಬರೆಯಿರಿ. ಫೋನಿನಲ್ಲಿ ಮಾತಾಡಿದರೆ ದಾಖಲೆ ಇರುವುದಿಲ್ಲ.

ಒಪ್ಪಿಕೊಂಡರೆ ಕೆಲಸ ಹೀಗೆ ಆಗಬೇಕು: ಮೇಲಿನ ಸಡಿಲ ಬಣ್ಣ ಪೂರ್ತಿ ತೆಗೆದು, ಕೆಳಗಿನ ಫ್ಯಾಕ್ಟರಿ ಕೆಂಪನ್ನು ಉಳಿಸಿಕೊಂಡು, ಅದನ್ನು ಸರಿಯಾಗಿ ಉಜ್ಜಿ, ಆಮೇಲೆ ಬಣ್ಣ ಮತ್ತು ಕ್ಲಿಯರ್. ತಗಡಿನವರೆಗೆ ಕೆರೆಯಲು ಬಿಡಬೇಡಿ. ಎದ್ದ ಜಾಗಕ್ಕೆ ಮಾತ್ರ ಪುಟ್ಟಿ ತುಂಬಿ ಮೇಲೆ ಹೊಡೆದು ಕೊಡುತ್ತೇವೆ ಅಂದರೆ ಅದಕ್ಕೂ ಒಪ್ಪಬೇಡಿ. ಉಳಿದ ಭಾಗ ಮುಂದಿನ ವರ್ಷ ಏಳುತ್ತದೆ.

ಹಿಂದಿನ ಡೋರ್‌ಗೆ ಕಲ್ಲು ಹೊಡೆಯುತ್ತಿರುವುದು ನಿಮ್ಮದೇ ಮುಂದಿನ ಟೈರ್. ಅಗಲದ ಟೈರ್ ಫೆಂಡರ್‌ನಿಂದ ಆಚೆ ಇಣುಕುತ್ತದೆ, ಎತ್ತಿದ ಜಲ್ಲಿಯನ್ನು ಸೀದಾ ಹಿಂದಕ್ಕೆ ಎರಚುತ್ತದೆ. ಎರಡೂ ಬದಿಯಲ್ಲಿ ಒಂದೇ ಥರ ಇರುವುದೇ ಗುರುತು. ಮಡ್ ಫ್ಲ್ಯಾಪ್ ಹಾಕಿಸಿ. ಕಾರಿನ ಬಣ್ಣ ಕಾಯುವ ಸಾಮಾನುಗಳಲ್ಲಿ ಅದರಷ್ಟು ಅಗ್ಗದ್ದು, ಅದರಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ. ಆಮೇಲೆ ಬೇಕಿದ್ದರೆ ಡೋರ್‌ನ ಆ ಕೆಳಗಿನ ಮೂಲೆಗೆ ಮಾತ್ರ ಪಿಪಿಎಫ್ ತುಂಡು ಹಚ್ಚಿಸಿ.

ಘಾಟಿದಾರಿ:

ಒಂದು ಮಾತು ಸೇರಿಸುತ್ತೇನೆ. ಶಿರಾಡಿ ಕಡೆ ಓಡಾಡುವವರಿಗೆ ಗೊತ್ತು, ರಸ್ತೆ ಕೆಲಸ ನಡೆಯುವ ಕಡೆ ಜಲ್ಲಿ ಚೆಲ್ಲಿರುತ್ತದೆ. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 80ರಲ್ಲಿ ಬೀಳುವ ಪೆಟ್ಟಿಗಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಜಾಸ್ತಿ. ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗಬೇಡಿ. ಓವರ್‌ಟೇಕ್ ಮಾಡಲು ಆಗದಿದ್ದರೆ ಹಿಂದೆ ಸರಿಯಿರಿ.

ಕರಾವಳಿಚಕ್ರ:

ಉಡುಪಿಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ತಗಡು ಕಂಡ ಚುಕ್ಕೆಯನ್ನು ಮಳೆಗಾಲದವರೆಗೆ ಬಿಟ್ಟರೆ ಮುಗಿಯಿತು. ಉಪ್ಪಿನ ಗಾಳಿ, ತಿಂಗಳುಗಟ್ಟಲೆ ಒದ್ದೆ. ತುಕ್ಕು ಬಣ್ಣದ ಅಡಿಯಲ್ಲಿ ಹರಿಯುತ್ತದೆ, ಮೇಲಿಂದ ಗುಳ್ಳೆ ಕಂಡಾಗಲೇ ಗೊತ್ತಾಗುವುದು. ಅದಕ್ಕೇ ಪ್ರತಿ ವರ್ಷ ಮೇ ತಿಂಗಳೊಳಗೆ ನಾನೇ ಟಚ್-ಅಪ್ ಮಾಡಿಬಿಡುತ್ತೇನೆ. ನಿಮ್ಮ ಡೋರ್‌ಗೆ ಉಪಯೋಗ ಆಗಬಹುದು.

ಬಣ್ಣದ ಕೋಡ್ ಕಾರಿನ ಮೇಲೇ ಇರುತ್ತದೆ. ಡೋರ್ ತೆರೆದಾಗ ಕಾಣುವ ಸ್ಟಿಕ್ಕರ್ ಅಥವಾ ಬಾನೆಟ್ ಒಳಗಿನ ಪ್ಲೇಟ್ ನೋಡಿ. 'ಕೆಂಪು' ಅಂತ ಕೇಳಿ ತರಬೇಡಿ, ಕೋಡ್ ಹೇಳಿ ತನ್ನಿ.

ಶಾಂಪೂ ಹಾಕಿ ತೊಳೆದು ಒಣಗಿಸಿ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಚುಕ್ಕೆಯನ್ನು ಒರೆಸಿ, ವ್ಯಾಕ್ಸ್ ಜಿಡ್ಡು ಹೋಗಬೇಕು. ತುಕ್ಕು ಇದ್ದರೆ ಸೂಜಿಮೊನೆಯಿಂದ ಗುಂಡಿಯೊಳಗೆ ಮಾತ್ರ ಕೆರೆಯಿರಿ. ಹೊಳೆಯುವ ತಗಡು ಕಾಣುವ ತನಕ ಬಿಡಬೇಡಿ. ಆಮೇಲೆ ಟೂತ್‌ಪಿಕ್ ತುದಿಯಲ್ಲಿ ಎಪಾಕ್ಸಿ ಪ್ರೈಮರ್ ಒಂದು ಬೊಟ್ಟು. ಬಾಟಲಿಯ ಜೊತೆ ಬರುವ ಬ್ರಷ್ ಬಿಟ್ಟುಬಿಡಿ, ಅದು ಗುಂಡಿಗಿಂತ ದಪ್ಪ. ಬ್ರಷ್ ಹಿಡಿದರೆ ಸುತ್ತಲೂ ಬಳಿದು ಚುಕ್ಕೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬಣ್ಣವೂ ಟೂತ್‌ಪಿಕ್‌ನಲ್ಲೇ. ತುದಿಯಲ್ಲಿ ಹನಿ ತಗೊಂಡು ಗುಂಡಿಯ ನಡುವೆ ಮುಟ್ಟಿಸಿದರೆ ಸಾಕು, ಅಂಚಿನವರೆಗೆ ತಾನೇ ಹರಿಯುತ್ತದೆ. ಒಣಗಿದಾಗ ಕುಗ್ಗುತ್ತದೆ, ಆಗ ಇನ್ನೊಂದು ಹನಿ. ಒಂದೇ ಸಲ ತುಂಬಲು ಹೋದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಬಣ್ಣ ಅಂಚಿಗಿಂತ ಒಂದು ಕೂದಲಷ್ಟು ಕೆಳಗೆ ಇರುವಾಗ ನಿಲ್ಲಿಸಿ, ಉಳಿದದ್ದನ್ನು ಕ್ಲಿಯರ್‌ನಿಂದ ತುಂಬಿ.

ಒಂದು ವಾರ ಮುಟ್ಟಬೇಡಿ. ಆಮೇಲೆ 2500 ನಂಬರಿನ ವಾಟರ್ ಪೇಪರ್ ಸೋಪು ನೀರಿನಲ್ಲಿ ಅದ್ದಿ, ಉಬ್ಬಿದ ತಲೆಯನ್ನು ಮಾತ್ರ ಮೆಲ್ಲಗೆ ಉಜ್ಜಿ, ಕಾಂಪೌಂಡ್ (ಪಾಲಿಶ್ ಮಾಡುವ ಪೇಸ್ಟ್) ಹಾಕಿ ಹೊಳಪು ತನ್ನಿ. ಬಿಸಿಲಲ್ಲಿ ಕಾದ ಡೋರ್ ಮೇಲೆ ಮಾಡಬೇಡಿ, ಮಳೆ ದಿನವೂ ಬೇಡ. ಗುರುತು ಪೂರ್ತಿ ಮಾಯ ಆಗುವುದಿಲ್ಲ, ಹತ್ತಿರದಿಂದ ನೋಡಿದರೆ ಕಾಣುತ್ತದೆ. ಆದರೆ ತಗಡಿಗೆ ನೀರು ತಾಗುವುದು ನಿಲ್ಲುತ್ತದೆ, ನನಗೆ ಬೇಕಾದದ್ದು ಅದೇ.

ಡೆಂಟ್‌ಮಾಸ್ಟರ್:

ಬೇಸ್‌ಮೆಂಟ್ ಡೆಂಟ್ ಬಗ್ಗೆ ಯಾರೂ ಮಾತಾಡಲಿಲ್ಲ. ಫೋಟೋದಲ್ಲಿ ಬಣ್ಣ ಬಿರಿದಿಲ್ಲ, ಬಾಡಿ ಲೈನ್ (ತಗಡಿನಲ್ಲಿ ಉದ್ದಕ್ಕೆ ಒತ್ತಿದ ಮಡಿಕೆ ಗೆರೆ) ಮೇಲೂ ಬಿದ್ದಿಲ್ಲ. ಹಾಗಿದ್ದರೆ ಪುಟ್ಟಿ, ಪೇಂಟ್ ಯಾವುದೂ ಬೇಡ, ಪಿಡಿಆರ್ (ಪೇಂಟ್ ಇಲ್ಲದೆ ಡೆಂಟ್ ತೆಗೆಯುವ ರಿಪೇರಿ) ಮಾಡಿಸಿ. ಕಿಟಕಿ ಗಾಜಿನ ಸಂದಿಯಿಂದ ಉದ್ದದ ರಾಡ್ ಇಳಿಸಿ, ಒಳಗಿನಿಂದ ಚೂರು ಚೂರೇ ಒತ್ತಿ ತಗಡನ್ನು ಮೇಲೆ ತರುವ ಕೆಲಸ ಅದು. ಪಕ್ಕದಲ್ಲಿ ಗೆರೆ ಗೆರೆಯ ಲೈಟ್ ಇಟ್ಟು, ಆ ಗೆರೆಗಳು ಡೋರ್ ಮೇಲೆ ನೇರವಾಗಿ ಬೀಳುವ ತನಕ ಒತ್ತುತ್ತಲೇ ಇರುತ್ತೇವೆ. ಫ್ಯಾಕ್ಟರಿ ಬಣ್ಣ ಹಾಗೇ ಉಳಿಯುತ್ತದೆ.

ಹೇರ್ ಡ್ರೈಯರ್, ಐಸು ಅಂತ ವಿಡಿಯೋ ನೋಡಿ ಮಾಡಲು ಹೋಗಬೇಡಿ. ಡೋರ್ ಅಂಚು ಹೊಡೆದ ಡೆಂಟ್‌ನಲ್ಲಿ ತಗಡು ಮಡಿದಿರುತ್ತದೆ, ಅದು ಬಿಸಿ-ತಣ್ಣಗೆ ಮಾಡಿದರೆ ಹಿಂದೆ ಬರುವುದಿಲ್ಲ. ಬಿಸಿನೀರು ಹಾಕಿ ಒಳಗಿನಿಂದ ಒತ್ತುವುದು ಪ್ಲಾಸ್ಟಿಕ್ ಬಂಪರ್‌ಗೆ ಸರಿ.

ಮುಂದಕ್ಕೆ ಡೆಂಟ್ ತಪ್ಪಿಸಲು ಪಿಪಿಎಫ್ ನೆಚ್ಚಿಕೊಳ್ಳಬೇಡಿ. ಗೀರು ತಪ್ಪಬಹುದು, ತಗಡು ತಗ್ಗುವುದು ತಪ್ಪುವುದಿಲ್ಲ. ಡೋರ್ ಬೀಡಿಂಗ್ (ಡೋರ್ ಮೇಲೆ ಅಡ್ಡಕ್ಕೆ ಅಂಟಿಸುವ ಪಟ್ಟಿ) ಹಾಕಿಸುವುದಾದರೆ ಪಕ್ಕದ ಕಾರಿನ ಡೋರ್ ತಾಗುವ ಎತ್ತರ ನೋಡಿ ಹಾಕಿಸಿ. ತೀರಾ ಕೆಳಗೆ ಅಂಟಿಸಿದರೆ ಬರೀ ಅಲಂಕಾರ.

ಕೆಂಪುಗಾಡಿ:

ಇವತ್ತಿನ ಸ್ಥಿತಿ ಹೇಳುತ್ತೇನೆ. ಶೋರೂಂ ಮೊದಲು "ಕಲ್ಲೇಟು ವಾರಂಟಿಯಲ್ಲಿ ಬರುವುದಿಲ್ಲ" ಅಂದಿತು. ಗೇಜ್ ಫೋಟೋ, ಟೇಪಿಗೆ ಅಂಟಿದ ಚೂರಿನ ಫೋಟೋ ಮೇಲ್ ಮಾಡಿದ ಮೇಲೆ ಅವರ ಬಾಡಿಶಾಪ್ ಮ್ಯಾನೇಜರ್ ಸ್ವತಃ ನೋಡಿ, ಅವರ ಖರ್ಚಿನಲ್ಲೇ ಬಾನೆಟ್ ಪೇಂಟ್ ಮಾಡಿಕೊಡಲು ಲಿಖಿತವಾಗಿ ಒಪ್ಪಿದ್ದಾರೆ. ಮಡ್ ಫ್ಲ್ಯಾಪ್ ನಾಲ್ಕೂ ಹಾಕಿಸಿದೆ. ಡೆಂಟ್ ಪಿಡಿಆರ್‌ನಲ್ಲಿ ಹೋಯಿತು, ಎಲ್ಲಿತ್ತು ಅಂತ ನನಗೇ ಗೊತ್ತಾಗುತ್ತಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಹಿಂದಿನ ಡೋರ್‌ಗೆ ಇನ್ಶೂರೆನ್ಸ್ ಕ್ಲೇಮ್ ಮಾಡಬಹುದಾ? ಹೊಸ ಪೇಂಟ್ ಆದ ಮೇಲೆ ಬಾನೆಟ್‌ಗೆ ಪಿಪಿಎಫ್ ಯಾವಾಗ?

ಬೂತ್‌ಕೆಲಸ:

ಚುಕ್ಕೆಗೆಲ್ಲ ಕ್ಲೇಮ್ ಬೇಡ. 1500 ಸಿಸಿ ವರೆಗಿನ ಕಾರಿಗೆ ಕಡ್ಡಾಯ ಕಡಿತವೇ (ಕ್ಲೇಮ್‌ನಲ್ಲಿ ನಮ್ಮ ಕೈಯಿಂದ ಹೋಗುವ ಪಾಲು) 1000 ರೂಪಾಯಿ. ಅದರ ಮೇಲೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಮೊದಲ ವರ್ಷಕ್ಕೆ 20 ಶೇಕಡಾ, ಐದು ವರ್ಷ ಕ್ಲೇಮ್ ಮಾಡದಿದ್ದರೆ 50ರ ತನಕ ಏರುತ್ತದೆ, ಅದನ್ನು ಯಾಕೆ ಕಳೆದುಕೊಳ್ಳುತ್ತೀರಿ? ಕರಾವಳಿಚಕ್ರ ಅವರು ಹೇಳಿದ ಹಾಗೆ ಟಚ್-ಅಪ್ ಮಾಡಿ.

ಪೇಂಟ್ ಆದ ಮೇಲೆ ಒಂದು ತಿಂಗಳು ಬಾನೆಟ್‌ಗೆ ವ್ಯಾಕ್ಸ್, ಸೆರಾಮಿಕ್, ಪಿಪಿಎಫ್ ಏನೂ ಬೇಡ. 60 ಡಿಗ್ರಿಯಲ್ಲಿ ಬೆಂದ ಬಣ್ಣದೊಳಗಿನ ಥಿನ್ನರ್ ಪೂರ್ತಿ ಹೋಗಲು ಸಮಯ ಬೇಕು, ಮೇಲೆ ಮುಚ್ಚಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಸಾದಾ ನೀರಿನಲ್ಲಿ ತೊಳೆಯಿರಿ ಸಾಕು. ತಿಂಗಳಾದ ಮೇಲೆ ಅಂಚಿನಲ್ಲಿ ಮತ್ತೆ ಟೇಪ್ ಎಳೆದು ನೋಡಿ. ಏನೂ ಬರದಿದ್ದರೆ ಬಾನೆಟ್ ಮತ್ತು ಮುಂದಿನ ಬಂಪರ್‌ಗೆ ಹಾಕಿಸಿ. ಪಿವಿಸಿ ಹಾಳೆ ಅಗ್ಗ ಅಂತ ತಗೋಬೇಡಿ, ಬಿಸಿಲಿಗೆ ಹಳದಿ ತಿರುಗುತ್ತದೆ. ಟಿಪಿಯು (ಮೇಲೆ ಹೇಳಿದ ಯುರೇಥೇನ್ ಹಾಳೆ) ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.