ಲಕ್ಷಗಟ್ಟಲೆ ವ್ಯತ್ಯಾಸ ಬಂದಿದೆ, ನನ್ನ ಮ್ಯುಟೇಷನ್ ಹುಡುಕೋದು ಹೇಗೆ?

ಒರಟುಗಣ್ಣು:
ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ. ಇಎಂಎಸ್ (ಮ್ಯುಟೇಷನ್ ತರುವ ರಾಸಾಯನಿಕ) ತಿನ್ನಿಸಿ ಪಡೆದ ಹಣ್ಣಿನ ನೊಣದ ಸ್ಟಾಕ್ (ಲ್ಯಾಬ್‌ನಲ್ಲಿ ಸಾಕುವ ವಂಶ) ಒಂದು ನನ್ನ ಹತ್ತಿರ ಇದೆ. ಮ್ಯುಟೇಷನ್ ಎರಡನೇ ಕ್ರೋಮೋಸೋಮ್‌ನಲ್ಲಿದೆ, ರಿಸೆಸಿವ್ (ಎರಡೂ ಪ್ರತಿಯಲ್ಲಿದ್ದರೆ ಮಾತ್ರ ಕಾಣುತ್ತದೆ), ಕಣ್ಣು ಒರಟು. ಐವತ್ತು ನೊಣ ಅರೆದು, ಡಿಎನ್‌ಎ ತೆಗೆದು, ಪೂರ್ತಿ ಜೀನೋಮ್ ಸೀಕ್ವೆನ್ಸ್ ಮಾಡಿಸಿದೆ. ರೆಫರೆನ್ಸ್ (ಈ ನೊಣದ ಮಾದರಿ ಜೀನೋಮ್) ಜೊತೆ ಹೋಲಿಸಿದರೆ ಲಕ್ಷಗಟ್ಟಲೆ ಜಾಗದಲ್ಲಿ ವ್ಯತ್ಯಾಸ! ಒಂದಷ್ಟು ರೀಡ್‌ಗಳಂತೂ (ಓದಿದ ಡಿಎನ್‌ಎ ತುಣುಕುಗಳು) ನೊಣದ ಜೀನೋಮ್ ಮೇಲೆ ಕೂರುತ್ತಲೇ ಇಲ್ಲ. ಸ್ಯಾಂಪಲ್ ಹಾಳಾಯಿತಾ?

ಬಿಳಿಗಣ್ಣು:
ಹಾಳಾಗಿಲ್ಲ, ಗಾಬರಿ ಬೇಡ. 2000ದಲ್ಲಿ ಪ್ರಕಟವಾದ ರೆಫರೆನ್ಸ್ ಒಂದೇ ಒಂದು ಲ್ಯಾಬ್ ತಳಿಯದ್ದು. ನಿಮ್ಮ ನೊಣದ ವಂಶ ಬೇರೆ. ಆ ವ್ಯತ್ಯಾಸಗಳಲ್ಲಿ ಹೆಚ್ಚಿನವು ಇಎಂಎಸ್ ಕೊಡುವ ಮೊದಲೇ ಇದ್ದವು.

ನಿಮಗೆ ಬೇಕಾಗಿರೋದು ತಾಯಿ ಸ್ಟಾಕ್, ಅಂದರೆ ಇಎಂಎಸ್ ಕೊಡುವ ಮುಂಚಿನದ್ದು. ಅದನ್ನೂ ಸೀಕ್ವೆನ್ಸ್ ಮಾಡಿಸಿ. ಎರಡರಲ್ಲೂ ಇರೋದನ್ನು ತೆಗೆದುಹಾಕಿ. ಉಳಿದದ್ದರಲ್ಲಿ ಡಿಎನ್‌ಎ ಅಕ್ಷರ ಜಿ ಹೋಗಿ ಎ, ಸಿ ಹೋಗಿ ಟಿ ಆದ ಜಾಗಗಳನ್ನು ಮೊದಲು ನೋಡಿ. ಇಎಂಎಸ್ ಜಾಸ್ತಿ ಮಾಡೋದು ಅದನ್ನೇ. ನಾನು ತಾಯಿ ಸ್ಟಾಕ್ ಉಳಿಸಿಕೊಳ್ಳದೆ ಆರು ತಿಂಗಳು ಕಳೆದುಕೊಂಡೆ. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಅಷ್ಟಾದರೂ ಹಲವು ಉಳಿಯುತ್ತವೆ. ಆಗ ಬೇರೆ ತಳಿಯ ಜೊತೆ ಕ್ರಾಸ್ ಮಾಡಿ, ಬಂದ ಹೆಣ್ಣುಗಳನ್ನು ಮತ್ತೆ ಮ್ಯುಟೆಂಟ್ ಗಂಡಿಗೆ ಬಿಡಿ. ಹೆಣ್ಣೇ ಆಗಬೇಕು, ಈ ನೊಣದ ಗಂಡಿನಲ್ಲಿ ಕ್ರಾಸಿಂಗ್ ಓವರ್ (ಜೋಡಿ ಕ್ರೋಮೋಸೋಮ್‌ಗಳು ತುಣುಕು ಅದಲುಬದಲು ಮಾಡಿಕೊಳ್ಳೋದು) ಆಗುವುದಿಲ್ಲ. ಮರಿಗಳಲ್ಲಿ ಒರಟು ಕಣ್ಣಿನವನ್ನಷ್ಟೇ ಆರಿಸಿ, ಒಟ್ಟಿಗೆ ಸೀಕ್ವೆನ್ಸ್ ಮಾಡಿಸಿ. ಆ ಬೇರೆ ತಳಿಯ ಗುರುತುಗಳು ಎಲ್ಲಿ ಪೂರ್ತಿ ಮಾಯವಾಗಿವೆಯೋ ಅಲ್ಲೇ ನಿಮ್ಮ ಮ್ಯುಟೇಷನ್.

ಕೂರದ ರೀಡ್‌ಗಳು ಬಹುಶಃ ಹೊಟ್ಟೆಯ ಬ್ಯಾಕ್ಟೀರಿಯಾ, ತಿಂದ ಯೀಸ್ಟ್, ಇಲ್ಲವೇ ವೊಲ್ಬಾಕಿಯಾ. ವೊಲ್ಬಾಕಿಯಾ ನೊಣದ ಜೀವಕೋಶದ ಒಳಗೇ ಬದುಕುವ ಬ್ಯಾಕ್ಟೀರಿಯಾ. ಎಷ್ಟೋ ಲ್ಯಾಬ್ ಸ್ಟಾಕ್‌ಗಳಲ್ಲಿ ಇರುತ್ತದೆ.

ಎಕ್ಸ್‌_ವೈ:
ಸ್ಟಾಕ್ ಸಿವೈಒ ಮೇಲೆ ಇದೆಯಾ? ಅದು ಬ್ಯಾಲೆನ್ಸರ್, ಅಂದರೆ ಮ್ಯುಟೇಷನ್ ಕಳೆದುಹೋಗದಂತೆ ಜೋಡಿಯಾಗಿ ಇಡುವ ಕ್ರೋಮೋಸೋಮ್; ಅದಿರುವ ನೊಣದ ರೆಕ್ಕೆ ಸುರುಳಿಯಾಗಿರುತ್ತದೆ. ಇದ್ದರೆ ಸುರುಳಿ ರೆಕ್ಕೆಯ ನೊಣ ಒಂದೂ ಸೇರಬಾರದು. ಬ್ಯಾಲೆನ್ಸರ್‌ನ ವ್ಯತ್ಯಾಸಗಳೂ ಸೇರಿಕೊಂಡು ಇನ್ನಷ್ಟು ಗೊಂದಲ ಆಗುತ್ತದೆ.

ಒರಟುಗಣ್ಣು:
ಅಯ್ಯೋ, ಸಿವೈಒ ಮೇಲೆಯೇ ಇದೆ, ನಾನು ರೆಕ್ಕೆ ನೋಡಲೇ ಇಲ್ಲ. ತಾಯಿ ಸ್ಟಾಕ್ 18 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಸಿಕ್ಕಿತು, ಎರಡೇ ವಯಲ್. ಇವತ್ತೇ ಹೊಸ ಆಹಾರಕ್ಕೆ ದಾಟಿಸಿದೆ.

ಬಿಳಿಗಣ್ಣು:
ಒಳ್ಳೆಯದಾಯ್ತು! ಜೀನ್ ಸಿಕ್ಕಿತು ಅನ್ನಿಸಿದಾಗ ಆ ಜಾಗದ ಡೆಫಿಷಿಯನ್ಸಿ ಸ್ಟಾಕ್ (ಒಂದು ಕ್ರೋಮೋಸೋಮ್‌ನಲ್ಲಿ ಆ ಭಾಗವೇ ಇಲ್ಲದ ನೊಣಗಳು) ಜೊತೆ ಕ್ರಾಸ್ ಮಾಡಿ. ಮರಿಗಳ ಕಣ್ಣೂ ಒರಟಾದರೆ ಇಲ್ಲಿ ಬಂದು ಹೇಳಿ, ಕಾಯ್ತಿರ್ತೀನಿ.